ಡಬ್ಬಿಯಲ್ಲಿ ಇಪ್ಪತ್ತಮೂರು ನಕ್ಷತ್ರ

ರಾಜಾಜಿನಗರ
18 ಸೆಪ್ಟೆಂಬರ್ 1976

ಕೋಕಿಲಾ,

ರಾತ್ರಿ ಎರಡೂ ಮುಕ್ಕಾಲು. ಅಡುಗೆಮನೆಯಲ್ಲಿ ಡಬ್ಬಿಯ ಮುಚ್ಚಳ ಬಿದ್ದ ಸದ್ದಿಗೆ ಎಚ್ಚರವಾಯಿತು. ಎದ್ದು ಹೋಗಿ ದೀಪ ಹಾಕಿದೆ. ಮುಚ್ಚಳಗಳೆಲ್ಲ ಇದ್ದಲ್ಲೇ ಇದ್ದವು. ಜಿರಲೆಗಳು ಮಾತ್ರ ಬೆಳಕಿಗೆ ಬೆದರಿ ಗೋಡೆಯ ಬಿರುಕಿಗೆ ನುಗ್ಗಿದವು. ವಾಪಸು ಬಂದು ಪುಟ್ಟಿಯ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡಿದೆ. ಬರುತ್ತಿತ್ತು. ಇನ್ನು ನನಗೆ ನಿದ್ದೆ ಬರುವುದಿಲ್ಲ. ಅದಕ್ಕೇ ಈ ಕಾಗದ.

ನಾಲ್ಕು ವರ್ಷದ ಮೇಲೆ ಬರೆಯುತ್ತಿದ್ದೇನೆ. ನನಗೆ ಮಗಳು ಹುಟ್ಟಿ ಹದಿನಾಲ್ಕು ತಿಂಗಳಾಯಿತು. ಅವಳು ಹುಟ್ಟಿದಾಗಿನಿಂದ ನಾನು ಒಂದು ರಾತ್ರಿಯೂ ಪೂರ್ತಿ ಮಲಗಿಲ್ಲ. ಕೆಮ್ಮಿದರೆ ನಾಯಿಕೆಮ್ಮು, ಕೆಮ್ಮದಿದ್ದರೆ ಉಸಿರು ನಿಂತಿತು. ಮಹಡಿಯ ಮೇಲೆ ಡಾಕ್ಟರ್ ಲಕ್ಷ್ಮೀಪತಿ ಇದ್ದಾರೆ. ಮೂರು ಸಲ ಅವರನ್ನು ನಡುರಾತ್ರಿ ಎಬ್ಬಿಸಿದ್ದೇನೆ, ಮೂರು ಸಲವೂ ಏನೂ ಇರಲಿಲ್ಲ. ಮೂರನೆಯ ಸಲ ಅವರು ನಗುತ್ತಲೇ ಅಂದರು: "ಮಗು ಗಟ್ಟಿಮುಟ್ಟಾಗಿದೆ ಕಣಮ್ಮ. ಔಷಧಿ ಬೇಕಾಗಿರೋದು ನಿಮಗೆ. ಕೈಗೇನಾದ್ರೂ ಕೆಲಸ ಹಚ್ಕೊಳಿ, ಸಣ್ಣ ಕೆಲಸ, ಕಣ್ಣಿಟ್ಟು ಮಾಡೋ ಅಂಥದ್ದು."

ಹೆಣಿಗೆ ಹಿಡಿದೆ, ಬಿಟ್ಟೆ. ಹೋದ ಗುರುವಾರ ಜಂಬಣ್ಣನ ಬೇಕರಿಯಲ್ಲಿ ಬನ್ನು ಕೊಳ್ಳುತ್ತಿದ್ದಾಗ, ಬಿನ್ನಿಪೇಟೆ ಗೋದಾಮಿನ ಗಾಡಿಯಿಂದ ಮೈದಾ ಮೂಟೆ ಇಳಿಸಿ ಲೆಕ್ಕ ಹಾಕುತ್ತಿದ್ದವರು "ನೀವು ಕೋಕಿಲಾ ಫ್ರೆಂಡ್ ಪ್ರಭಾ ಅಲ್ವಾ?" ಅಂದರು. ನಿನ್ನ ಯಜಮಾನರು. ಚಿನ್ನಪ್ಪನವರ ಗುರುತೇ ನನಗೆ ಸಿಗಲಿಲ್ಲ, ಅಷ್ಟು ದಪ್ಪಗಾಗಿದ್ದಾರೆ. ಕೆಂಗೇರಿಯಲ್ಲಿದ್ದೀರಿ, ಅರುಳ್ ಅಂತ ಮೂರು ವರ್ಷದ ಮಗನಿದ್ದಾನೆ, ನೀನು ಕ್ರಿಸ್‌ಮಸ್‌ಗೆ ಬಿಸ್ಕತ್ತಿನ ಮೇಲೆ ಐಸಿಂಗ್ ಬಿಡಿಸಿ ಬೀದಿಗೆಲ್ಲ ಹಂಚುತ್ತೀಯ ಎಂದರು.

ಕಾಲೇಜಿನ ಐಸಿಂಗ್ ಕ್ಲಾಸು ನೆನಪಾಯಿತು. ಮೊಟ್ಟೆ ಒಡೆದ ಕೂಡಲೇ ನಾನು ಮೂಗು ಮುಚ್ಚಿಕೊಂಡು ಕಿಟಕಿ ಹತ್ತಿರ ಹೋಗಿ ನಿಂತೆ, ನನ್ನ ಬಿಸ್ಕತ್ತನ್ನೂ ನೀನೇ ಮಾಡಿದೆ, ಮೇಡಂ ನನಗೆ ಫಸ್ಟ್ ಕ್ಲಾಸ್ ಕೊಟ್ಟರು. ಈಗ ನನಗೆ ಕಲಿಸುತ್ತೀಯಾ? ಕಾಗದದಲ್ಲೇ ಸಾಕು. ನಾನು ತಿನ್ನುವುದಿಲ್ಲ, ಆದರೆ ಮುಟ್ಟುತ್ತೇನೆ. ಕಲಿತ ಮೇಲೆ ಮೊದಲನೆಯ ಡಬ್ಬಿ ನಿನ್ನ ಅರುಳನಿಗೆ.

ಆವತ್ತಿನ ಹನ್ನೊಂದು ಗಂಟೆಯ ವಿಷಯ ಬರೆಯಬೇಕೆಂದೇ ಕೂತೆ. ಆಗುತ್ತಿಲ್ಲ.

ಉತ್ತರವನ್ನು ಬೇಕರಿಯ ವಿಳಾಸಕ್ಕೆ ಬರೆ. ನಮ್ಮ ಮಾವನವರು ರಿಟೈರಾದ ಹೆಡ್‌ಮಾಸ್ಟರು. ಮನೆಗೆ ಬಂದ ಕಾಗದ ಯಾರದ್ದಾದರೂ ಒಡೆದು, ಕಾಫಿ ಹೊತ್ತಿಗೆ ಎಲ್ಲರಿಗೂ ಕೇಳುವಂತೆ ಓದಿ, ತಪ್ಪು ತಿದ್ದಿ ಕೊಡುತ್ತಾರೆ.

ನಿನ್ನ ಮುಂದೆ ತಲೆ ತಗ್ಗಿಸಿರುವ
ಪ್ರಭಾ


ಕೆಂಗೇರಿ
29 ಸೆಪ್ಟೆಂಬರ್ 1976

ಪ್ರಭಾ,

ನಿನ್ನ ಕಾಗದ ಮೈದಾ ಧೂಳಿನ ಸಮೇತ ಬಂತು. ಅತ್ತೆಗೆ ಓದಿ ಹೇಳಿದೆ. "ಯಾರೇ ಇದು, ಮಗು ಮೂಗಿಗೆ ಬೆರಳಿಟ್ಕೊಂಡು ಕೂತಿರೋಳು? ಆ ಮಗು ಇವಳ ಭಯಕ್ಕೇ ಎದ್ದುಬಿಡುತ್ತೆ" ಅಂದರು. ಅತ್ತೆ ಹೆಸರು ಆರೋಗ್ಯಮ್ಮ. ದಂಡು ಪ್ರದೇಶದಲ್ಲಿ ದೊರೆಸಾನಿ ಮನೆ ಅಡುಗೆ ಮಾಡಿದವರು, ನನ್ನ ಐಸಿಂಗೆಲ್ಲ ಅವರ ಕೈಯದ್ದೇ.

ಹನ್ನೊಂದು ಗಂಟೆಯ ವಿಷಯ ನಾನೇ ಬರೆದು ಮುಗಿಸುತ್ತೇನೆ. ರಿಜಿಸ್ಟ್ರಾರ್ ಆಫೀಸಿನ ಬೆಂಚಿನ ಮೇಲೆ ಹನ್ನೆರಡೂವರೆವರೆಗೂ ಕಾದೆವು. ಸಾಕ್ಷಿ ಬರಲಿಲ್ಲ. ಆಮೇಲೆ ಅಲ್ಲಿಯ ಜವಾನ ಚಿಕ್ಕಹನುಮಯ್ಯ ಅನ್ನುವವನು ಬೀಡಿ ಆರಿಸಿ ಬಂದು ನಿನ್ನ ಜಾಗದಲ್ಲಿ ಸಹಿ ಹಾಕಿದ. ಅಷ್ಟೇ. ಈಗ ಐಸಿಂಗ್.

ಒಂದು ಮೊಟ್ಟೆಯ ಬಿಳಿ. ಹಳದಿ ಒಂದು ಎಳೆ ಬಿದ್ದರೂ ಚೆಲ್ಲಿಬಿಡು. ಬಟ್ಟಲಿಗೆ ಜಿಡ್ಡು ಇರಬಾರದು, ನಿಂಬೆಹೋಳಿನಿಂದ ಉಜ್ಜಿ ಒರೆಸು. ಒಂದೂವರೆ ಬಟ್ಟಲು ಸಕ್ಕರೆ ಪುಡಿ. ಬೀಸಿದರೆ ಸಾಲದು ಕಣೇ, ಮಲ್ ಬಟ್ಟೆಯಲ್ಲಿ ಮೂರು ಸಲ ಸೋಸು. ಮುಖಕ್ಕೆ ಹಚ್ಚುವ ಪೌಡರಿನ ಹಾಗಿರಬೇಕು, ನೋಡಿದವರಿಗೆ ಇದು ಸಕ್ಕರೆ ಅಂತ ಗೊತ್ತೇ ಆಗಬಾರದು. ನಾಲ್ಕು ತೊಟ್ಟು ನಿಂಬೆರಸ. ಕೈ ಬಿದ್ದುಹೋಗುವವರೆಗೆ ಕಡೆ.

ಗಟ್ಟಿ ಐಸಿಂಗನ್ನು ಬಟರ್ ಪೇಪರಿನ ಪೊಟ್ಟಣಕ್ಕೆ ತುಂಬು, ಶೆಟ್ಟರಂಗಡಿಯಲ್ಲಿ ಕಡಲೆಬೀಜಕ್ಕೆ ಸುತ್ತುತ್ತಾರಲ್ಲ, ಹಾಗೆ. ತುದಿಯನ್ನು ಸಾಸಿವೆಯಷ್ಟು ಕತ್ತರಿಸು. ಮೊದಲು ಬಿಸ್ಕತ್ತಿನ ಅಂಚಿಗೆ ಗೆರೆ ಎಳೆದು ಒಣಗಲು ಬಿಡು, ಅದು ಕಟ್ಟೆ. ಉಳಿದದ್ದಕ್ಕೆ ತೊಟ್ಟು ತೊಟ್ಟು ನೀರು ಸೇರಿಸಿ ಕಟ್ಟೆಯ ಒಳಗೆ ತುಂಬು. ತೆಳು ಎಷ್ಟಿರಬೇಕು ಅಂದರೆ, ಬಟ್ಟಲಲ್ಲಿ ಚಾಕುವಿನಿಂದ ಗೀರು ಎಳೆದು ಎಣಿಸು. ಹತ್ತು ಎನ್ನುವಷ್ಟರಲ್ಲಿ ಗೀರು ಮುಚ್ಚಿಕೊಳ್ಳಬೇಕು. ಗುಳ್ಳೆ ಎದ್ದರೆ ಗುಂಡುಸೂಜಿಯಿಂದ ಚುಚ್ಚು. ರಾತ್ರಿಯಿಡೀ ಒಣಗಲಿ, ನೀನೂ ಮಲಗು.

ಮೊದಲನೇ ಸಲ ಕೆಡುತ್ತದೆ. ಕೆಡಲಿ.

ಕೋಕಿಲಾ


ರಾಜಾಜಿನಗರ
25 ಅಕ್ಟೋಬರ್ 1976

ಪ್ರೀತಿಯ ಕೋಕಿಲಾ,

ನಿನ್ನ ಬಾಯಿ ಹರಕೆ, ಕೆಟ್ಟಿತು. ಗೆರೆ ಎಳೆದದ್ದು ಎಳೆದಂತೆ ಇಳಿದು ತಟ್ಟೆಗೆಲ್ಲ ಹರಿಯಿತು. ಎರಡನೆಯ ಸಲ ಮೊಟ್ಟೆ ನೊರೆಯೇ ಬರಲಿಲ್ಲ. ಮೂರನೆಯ ಸಲ ಗಟ್ಟಿಯಾಯಿತು, ಆದರೆ ಬೆಳಿಗ್ಗೆ ಎದ್ದು ನೋಡಿದರೆ ಸೀತಾಫಲದ ಸಿಪ್ಪೆಯ ಹಾಗೆ ತರಿತರಿ. ಇರುವೆಗಳು ಮಾತ್ರ ಮೂರು ಸಲವೂ ಸಾಲುಗಟ್ಟಿ ಬಂದು ಮೆಚ್ಚಿಕೊಂಡು ಹೋದವು.

ನನ್ನ ಕಾರ್ಖಾನೆ ಎಲ್ಲಿ ಗೊತ್ತೇ? ಮಹಡಿ ಮೆಟ್ಟಿಲ ಕೆಳಗೆ, ಚಿಲಕವಿರುವ ಗೂಡಿನಲ್ಲಿ. ಹಳೆಯ ಪೇಪರು, ಮುರಿದ ಛತ್ರಿ, ಇವರ ಕೇರಂ ಬೋರ್ಡು ಇಡುವ ಜಾಗ. ಅಲ್ಲಿಗೆ ಯಾರೂ ತಲೆ ಹಾಕುವುದಿಲ್ಲ. ಬ್ಯಾಡರಹಳ್ಳಿಯಿಂದ ಸೊಪ್ಪು ತರುವ ಪಾಪಮ್ಮ ದಂಟಿನ ಕಟ್ಟಿನ ಅಡಿಯಲ್ಲಿ ಮೊಟ್ಟೆ ತರುತ್ತಾಳೆ. ಅತ್ತೆ ಎದುರಿಗೇ ನಿಂತಿದ್ದರೆ ಕಣ್ಣು ಹೊಡೆದು "ಇವತ್ತು ದಂಟು ಬಲಿತಿಲ್ಲ ಕಣವ್ವ, ಎಳೇದೈತೆ, ಮೆಲ್ಲಗೆ ಹಿಡ್ಕಳಿ" ಅನ್ನುತ್ತಾಳೆ. ನಕ್ಷತ್ರದ ಅಚ್ಚನ್ನು ಇವರೇ ಫ್ಯಾಕ್ಟರಿಯಲ್ಲಿ ತಗಡು ಬಗ್ಗಿಸಿ ಮಾಡಿ ತಂದರು. ಸಂಕ್ರಾಂತಿಯ ಸಕ್ಕರೆ ಅಚ್ಚಿಗೆ ಅಂತ ಸುಳ್ಳು ಹೇಳಿದ್ದೇನೆ. ಬಿಸ್ಕತ್ತಿಗೆ ಮೊಟ್ಟೆ ಹಾಕುವುದಿಲ್ಲ, ಹಿಟ್ಟು ಮನೆಯಲ್ಲಿ ಎಲ್ಲರೆದುರೇ ಕಲಸಿ ಜಂಬಣ್ಣನ ಒಲೆಯಲ್ಲಿ ಸುಡಿಸುತ್ತೇನೆ. ಮೊಟ್ಟೆಯ ಪಾಪವೆಲ್ಲ ಮೆಟ್ಟಿಲ ಕೆಳಗೆ.

ಮೊನ್ನೆ ದೀಪಾವಳಿ ಅಮಾವಾಸ್ಯೆ ಬೆಳಿಗ್ಗೆ ಹಿತ್ತಲಲ್ಲಿ ಮಾವನವರ ಮಾಸಿಕ ಯಾಗ ನಡೆಯಿತು. ತಿಂಗಳಿಗೊಮ್ಮೆ, ಅಮಾವಾಸ್ಯೆಯ ದಿನ, ಜಿರಲೆಗೆ ಪುಡಿ ಕೂಡಿಸುತ್ತಾರೆ. ಅತ್ತೆ ಸಕ್ಕರೆ ಬೀಸಿಟ್ಟಿರಬೇಕು, ಇವರ ಕೇರಂ ಬೋರ್ಡಿಗೆ ಎರಚುವ ಬೋರಿಕ್ ಪುಡಿಯನ್ನು ಮಾವನವರು ಅದಕ್ಕೆ ಸಮಪಾಲು ಬೆರೆಸುತ್ತಾರೆ. ಮೂಗಿಗೆ ಟವೆಲ್ ಕಟ್ಟಿಕೊಂಡು ಪಾಠವೂ ಮಾಡುತ್ತಾರೆ. "ನೋಡಮ್ಮ, ಬರೀ ಬೋರಿಕ್ ಇಟ್ರೆ ಮೂಸೂ ನೋಡಲ್ಲ. ಸಕ್ಕರೆ ಅಂತ ನಂಬಿ ತಿನ್ನಬೇಕು. ತಿಂದು, ಮನೆಗೆ ಹೋಗಿ ಸಾಯಬೇಕು."

"ಜಿರಲೆಗೂ ಮನೆ ಅಂತಿದೆಯಾ?" ಅಂದರು ಅತ್ತೆ.

"ಇದೆಯಲ್ಲ, ನಿನ್ನ ಅಡುಗೆಮನೆ."

ಎಲ್ಲರೂ ನಕ್ಕೆವು. ನನಗೆ ಮಾತ್ರ ನಗು ಅರ್ಧಕ್ಕೆ ನಿಂತಿತು. ಪುಟ್ಟಿ ಅಷ್ಟರಲ್ಲಿ ಅಂಬೆಗಾಲಿಟ್ಟು ಬಂದು ಡಬ್ಬಿಯ ಅಂಚು ಹಿಡಿದಿದ್ದಳು. ನಾನು ಕಿರುಚಿದ್ದಕ್ಕೆ ಬೆದರಿ ಅತ್ತಳು, ಅತ್ತೆ ನನ್ನನ್ನೇ ಬೈದರು. ಮಾವನವರು ಡಬ್ಬಿಯನ್ನು ಹಿತ್ತಲ ಕಿಟಕಿಯ ಮೇಲಿಟ್ಟರು. ಅದೂ ಪುಟ್ಟಿಯ ಹಾಲಿನ ಪುಡಿ ಬಂದ ಡಬ್ಬಿಯೇ. ನಮ್ಮ ಮನೆಯಲ್ಲಿ ಈಗ ಅಕ್ಕಿ, ಬೇಳೆ, ಗುಂಡಿ, ಸೂಜಿ ಎಲ್ಲವೂ ಅದೇ ನೀಲಿ ಮುಚ್ಚಳದ ಡಬ್ಬಿಯಲ್ಲೇ.

ಆ ರಾತ್ರಿ ಮೂರು ಸಲ ಎದ್ದು ಅವಳ ಅಂಗೈ ಮೂಸಿ ನೋಡಿದೆ.

ನನ್ನ ಐಸಿಂಗ್ ಯಾಕೆ ತರಿಯಾಗುತ್ತದೆ, ಹೇಳು.

ಇರುವೆಗಳ ಅಚ್ಚುಮೆಚ್ಚಿನ
ಪ್ರಭಾ


ಕೆಂಗೇರಿ
10 ನವೆಂಬರ್ 1976

ಪ್ರಭೀ,

ತರಿಯಾಗೋದು ಸಕ್ಕರೆ ದಪ್ಪ ಇದ್ದರೆ. ಹರಿಯೋದು ಬಟ್ಟಲಲ್ಲಿ ಜಿಡ್ಡಿದ್ದರೆ, ಇಲ್ಲಾ ಮಳೆ ಬಂದರೆ. ನಿನ್ನ ಹತ್ತಿರ ಮೂರೂ ಇತ್ತು. ಚಳಿ ಬೀಳಲಿ, ಡಿಸೆಂಬರಿನ ಒಣಗಾಳಿಗೆ ಐಸಿಂಗ್ ತಾನಾಗಿ ಕೂರುತ್ತದೆ. ಸಕ್ಕರೆಯನ್ನು ಈಗಿಂದಲೇ ಸ್ವಲ್ಪ ಸ್ವಲ್ಪ ಬೀಸಿ ಸೋಸಿ ಡಬ್ಬಿಯಲ್ಲಿ ಕೂಡಿಡು, ಆಗ ಕೈ ಸೋಲುವುದಿಲ್ಲ. ಮುಖ್ಯ ಇನ್ನೊಂದು: ಕೈ ನಡುಗಬಾರದು. ಹೆದರುವವಳ ಗೆರೆ ಯಾವತ್ತೂ ಸೊಟ್ಟ. ಅತ್ತೆ ಹೇಳ್ತಾರೆ, ಪೊಟ್ಟಣ ಹಿಡಿದಾಗ ಮಗು ಅತ್ತರೂ ತಿರುಗಬೇಡ ಅಂತ.

ನಿನ್ನ ಕಾಗದಗಳಲ್ಲಿ ಒಂದು ಪಾಲು ಐಸಿಂಗ್, ಒಂದು ಪಾಲು ಹೆದರಿಕೆ, ನಿಮ್ಮ ಮಾವನವರ ಪುಡಿಯ ಹಾಗೆ ಸಮಪಾಲು. ಇನ್ನು ಮೇಲೆ ಹೆದರಿಕೆಯ ಪಾಲನ್ನು ಓದದೇ ಮಡಚಿಡುತ್ತೇನೆ, ನೋಡುತ್ತಿರು.

ಅರುಳನಿಗೆ ನಿನ್ನ ಡಬ್ಬಿಯ ವಿಷಯ ಹೇಳಿ ತಪ್ಪು ಮಾಡಿದೆ. ದಿನಾ ಬೆಳಿಗ್ಗೆ ಎದ್ದು "ಪ್ರಭಾ ಆಂಟಿ ಸ್ಟಾರು ಬಂತಾ?" ಅಂತ ಬಾಗಿಲಿಗೆ ಹೋಗುತ್ತಾನೆ. ನಮ್ಮ ಮನೆಯಲ್ಲೊಂದು ಪದ್ಧತಿ. ಹಬ್ಬದ ಹಿಂದಿನ ರಾತ್ರಿ ಎಲ್ಲರೂ ಗುಡಿಗೆ ಹೋಗುತ್ತೇವೆ, ನಡುರಾತ್ರಿಯ ಪೂಜೆಗೆ. ನಮ್ಮತ್ತೆ ಚರ್ಚಿಗೆ ಗುಡಿ ಅಂತಲೇ ಅನ್ನುವುದು. ಬಂದು ಮಲಗಿದರೆ ದೊಡ್ಡವರು ಏಳುವುದು ಬಿಸಿಲೇರಿದ ಮೇಲೆ. ಬಿಸ್ಕತ್ತಿನ ಡಬ್ಬಿಯನ್ನು ಬಾಲಯೇಸುವಿನ ಗೊಂಬೆ ಕೂರಿಸುವ ಗೋದಲಿಯ ಪಕ್ಕ ನೆಲದ ಮೇಲೇ ಇಟ್ಟಿರುತ್ತೇವೆ. ದೊಡ್ಡವರು ಏಳುವ ಮೊದಲೇ ಮಕ್ಕಳು ಎದ್ದು, ತಾವೇ ಮುಚ್ಚಳ ತೆಗೆದು, ಹೊಟ್ಟೆ ತುಂಬ ತಿನ್ನಬೇಕು. ಆ ಒಂದು ಬೆಳಿಗ್ಗೆ ಯಾರೂ ಬೇಡ ಅನ್ನುವ ಹಾಗಿಲ್ಲ, ಅತ್ತೆಯ ಕಾನೂನು. ಈ ಸಲ ನಾದಿನಿಯ ಎರಡು ಮಕ್ಕಳೂ ಬರುತ್ತವೆ. ದೊಡ್ಡ ನಕ್ಷತ್ರದ ಮೇಲೆ ಅರುಳನ ಹೆಸರು ಬರೆಯುತ್ತೀಯಾ? ಅವನಿಗೆ ಓದಲು ಬರುವುದು ಅದೊಂದೇ ಪದ.

ಏನಾದರೂ ಅವಸರ ಇದ್ದರೆ ನಮ್ಮ ಮನೆ ಮಾಲೀಕರು ಗುರುಬಸಪ್ಪನವರ ಮನೆಗೆ ಫೋನ್ ಮಾಡು, ನಂಬರು ಕೆಳಗೆ ಬರೆದಿದ್ದೇನೆ. ಅವರಿಗೆ ಕಿವಿ ಮಂದ. ಗಂಟೆ ಬಾರಿಸಿದರೆ ಬೀದಿಗೆಲ್ಲ ಕೇಳುತ್ತದೆ, ಅವರೊಬ್ಬರಿಗೆ ಬಿಟ್ಟು. ನಾವೇ ಓಡಿಹೋಗಿ ಎತ್ತುತ್ತೇವೆ.

ಹೆದರಬೇಡ ಅಂತ ಇನ್ನೊಂದು ಸಲ ಹೇಳುತ್ತಾ,
ಕೋಕಿಲಾ


ರಾಜಾಜಿನಗರ
23 ಡಿಸೆಂಬರ್ 1976, ಬೆಳಿಗ್ಗೆ

ನನ್ನ ಕೋಕಿಲಾ,

ಈ ಕಾಗದ ಡಬ್ಬಿಯ ಜೊತೆಗೇ ಬರುತ್ತಿದೆ. ಸಾಯಂಕಾಲ ಚಿನ್ನಪ್ಪನವರು ಜಂಬಣ್ಣನ ಅಂಗಡಿಗೆ ಬಂದಾಗ ಕೈಗೇ ಕೊಡುತ್ತೇನೆ. ಮುಚ್ಚಳ ತೆಗೆದು ನೀನು ಏನನ್ನುತ್ತೀಯೋ ನೋಡಲು ನಾನು ಅಲ್ಲಿರಬೇಕಿತ್ತು.

ಗೆರೆ ನೋಡು, ಎಲ್ಲಾದರೂ ನಡುಗಿದೆಯಾ? ನಿನ್ನೆ ಮಧ್ಯಾಹ್ನ ಅತ್ತೆ ಹರಿಕಥೆಗೆ ಹೋದ ಮೇಲೆ ಗೂಡಿನ ಮುಂದೆ ಕೂತೆ. ಮೂರು ವಾರದಿಂದ ಬೀಸಿ ಸೋಸಿ ಕೂಡಿಟ್ಟ ಸಕ್ಕರೆ, ನೀನು ಹೇಳಿದ ಹಾಗೇ ಮುಖದ ಪೌಡರಿನಂತೆ ಇತ್ತು. ಡಬ್ಬಿ ತೆಗೆದರೆ ನಾನು ಅಂದುಕೊಂಡದ್ದಕ್ಕಿಂತ ಹೆಚ್ಚೇ ಇದೆ, ಕಂಠದವರೆಗೂ. ಇಷ್ಟೊಂದು ಯಾವಾಗ ಬೀಸಿದೆ ಎಂದು ನನಗೇ ಆಶ್ಚರ್ಯ. ನಿದ್ದೆಗೆಟ್ಟವಳ ಲೆಕ್ಕ, ಬಿಡು. ಐಸಿಂಗ್ ಸ್ವಲ್ಪ ಮಂಕಾಗಿ, ಸೀಮೆಸುಣ್ಣದಂತೆ ಬಂತು, ಹೊಳಪಿಲ್ಲ. ಆದರೆ ಎಷ್ಟು ಗಟ್ಟಿಯಾಗಿ ಕೂತಿತು ಅಂತೀಯ! ನಾಲಿಗೆ ತುದಿಗೆ ಇಟ್ಟು ನೋಡಿದೆ (ಮೊಟ್ಟೆ! ಮಡಿ ಹೋಯಿತು!). ಸಿಹಿಯೇ, ಕೊನೆಗೊಂದು ಸಣ್ಣ ಕಹಿ. ನಿಂಬೆಯ ಸಿಪ್ಪೆ ಬಿದ್ದಿರಬೇಕು.

ಮೂರನೆಯ ನಕ್ಷತ್ರಕ್ಕೆ ಕಟ್ಟೆ ಕಟ್ಟುತ್ತಿದ್ದಾಗ ಪುಟ್ಟಿ ಎದ್ದು ಅತ್ತಳು. ತಿರುಗಲಿಲ್ಲ ಕಣೇ! ಗೆರೆ ಮುಗಿಸಿಯೇ ತಿರುಗಿದೆ. ಅಷ್ಟರಲ್ಲಿ ಅವಳೇ ಬಂದು ಬಟ್ಟಲಿಗೆ ಬೆರಳದ್ದಿ ಬಾಯಿಗಿಟ್ಟುಕೊಂಡಿದ್ದಳು. ಬ್ರಾಹ್ಮಣರ ಮನೆಯಲ್ಲಿ ಹುಟ್ಟಿ ಹದಿನೇಳು ತಿಂಗಳಿಗೇ ಮೊಟ್ಟೆ ತಿಂದಳು. ಬಾಯಿ ಒರೆಸಿದೆ.

ರಾತ್ರಿ ಎರಡು ಸಲ ವಾಂತಿ ಮಾಡಿಕೊಂಡಳು. ಬೆಳಿಗ್ಗೆ ಡಾಕ್ಟರ್ ಲಕ್ಷ್ಮೀಪತಿ ಬಂದು ನೋಡಿ "ಏನು ತಿಂದಿತ್ತು ಮಗು?" ಅಂದರು. ಅತ್ತೆ ಪಕ್ಕದಲ್ಲೇ ನಿಂತಿದ್ದರು. "ರಾಗಿ ಗಂಜಿ" ಅಂದೆ. ಹಲ್ಲು ಬರುತ್ತಿದೆ, ಆಗುತ್ತದೆ ಅಂದರು. ಹಸಿ ಮೊಟ್ಟೆ ಒಗ್ಗಿಲ್ಲ ಅಂತ ನನಗೆ ಗೊತ್ತಿತ್ತು. ಹಿಂದಿನ ಪ್ರಭಾ ಆಗಿದ್ದರೆ ಅವರ ಕಾಲು ಕಟ್ಟಿಕೊಂಡು ಅಳುತ್ತಿದ್ದಳು. ಈ ಸಲ ನಾನು ಹೆದರಲಿಲ್ಲ. ಕೆನ್ನೆ ಸ್ವಲ್ಪ ಕೆಂಪಗಾಗಿದೆ, ಆಟವಾಡುತ್ತಿದ್ದಾಳೆ. ನೀನು ಕಲಿಸಿದ್ದರಲ್ಲಿ ಇದೇ ದೊಡ್ಡದು, ಐಸಿಂಗಲ್ಲ.

ಒಟ್ಟು ಇಪ್ಪತ್ತನಾಲ್ಕು ಮಾಡಿದೆ. ಒಂದರ ಕೋಡು ಮುರಿಯಿತು, ಅದನ್ನು ಇಲ್ಲೇ ಇಟ್ಟುಕೊಂಡಿದ್ದೇನೆ. ಇಪ್ಪತ್ತಮೂರು ಡಬ್ಬಿಯಲ್ಲಿವೆ. ದೊಡ್ಡದರ ಮೇಲೆ ಅರುಳನ ಹೆಸರು. ಮೇಲೆ ಅದನ್ನೇ ಇಟ್ಟಿದ್ದೇನೆ, ಮೊದಲು ಅವನ ಕೈಗೆ ಸಿಗಲಿ ಎಂದು.

ಮತ್ತೆ ಕೇಳು, ರಾತ್ರಿಯೆಲ್ಲ ತಟ್ಟೆಯಲ್ಲಿ ತೆರೆದೇ ಒಣಗಿದವು, ಒಂದು ಇರುವೆ ಬಂದಿಲ್ಲ. ಒಂದೇ ಒಂದು! ನಿಮ್ಮತ್ತೆಯ ಕೈಗುಣ ನನಗೂ ಬಂತು ಅನ್ನು.

ನಾಲ್ಕು ವರ್ಷದ ಹಿಂದೆ ನಾನು ಬರಬೇಕಿತ್ತು. ಬರಲಿಲ್ಲ. ಈಗ ಡಬ್ಬಿ ಬರುತ್ತಿದೆ.

ನಿನ್ನ
ಪ್ರಭಾ


ರಾಜಾಜಿನಗರ
25 ಡಿಸೆಂಬರ್, ರಾತ್ರಿ ಒಂದೂ ಇಪ್ಪತ್ತು

ಕೋಕಿಲಾ,

ಮೊದಲು ಡಬ್ಬಿ. ಗೋದಲಿಯ ಪಕ್ಕದಿಂದ ಎತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿ ಬಾ. ಆಮೇಲೆ ಇದನ್ನು ಓದು. ಪೂರ್ತಿ ಓದು, ಮಡಚಿಡಬೇಡ. ಬಿಸ್ಕತ್ತಿನ ಮೇಲಿರುವುದು ಬರೀ ಸಕ್ಕರೆಯಲ್ಲ, ಅರ್ಧಕ್ಕರ್ಧ ಬೋರಿಕ್ ಪುಡಿ. ಮಕ್ಕಳು ತಿಂದರೆ ಉಳಿಯುವುದಿಲ್ಲ.

ಪ್ರಭಾಳ ಹೆದರಿಕೆ ಎಂದು ನೀನು ನಗುತ್ತೀಯ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ. ಡಾಕ್ಟರ ಸ್ಕೂಟರಿನಲ್ಲಿ ಪೆಟ್ರೋಲ್ ಇಲ್ಲ, ನಮ್ಮವರು ಎದುರುಮನೆ ಮುನಿರಾಮಯ್ಯನವರ ಸ್ಕೂಟರಿನಿಂದ ತೆಗೆಯುತ್ತಿದ್ದಾರೆ. ಅಷ್ಟು ಹೊತ್ತು ನನಗಿದೆ.

ಹನ್ನೆರಡೂವರೆಗೆ ಎಚ್ಚರವಾಯಿತು. ಕಾಗದ ಪರಚುವ ಸದ್ದು, ಮೆಟ್ಟಿಲ ಕೆಳಗಿನಿಂದ. ನಿಲ್ಲುವುದು, ಮತ್ತೆ ಪರಚುವುದು. ದೀಪ ಹಿಡಿದು ಹೋದೆ. ನಾನು ಬಿಸಾಡಿದ್ದ ಬಟರ್ ಪೇಪರಿನ ಪೊಟ್ಟಣದೊಳಗೆ ಒಂದು ಜಿರಲೆ ಅಂಗಾತ ಬಿದ್ದು ಕಾಲು ಬಡಿಯುತ್ತಿತ್ತು. ಪಕ್ಕದಲ್ಲಿ ಆ ಮುರಿದ ನಕ್ಷತ್ರ. ಅದರ ಸುತ್ತ ಇನ್ನೂ ಐದಾರು, ಎಲ್ಲ ಅಂಗಾತ, ಎಲ್ಲ ಸತ್ತಿದ್ದವು. ಮೀಸೆಗೆ ಬಿಳಿ ಪುಡಿ. ಇರುವೆ ಯಾಕೆ ಬರಲಿಲ್ಲ ಎಂದು ಆಗ ಗೊತ್ತಾಯಿತು.

ಮಾವನವರನ್ನು ಎಬ್ಬಿಸಿದೆ. "ಈ ತಿಂಗಳ ಪುಡಿ ಎಲ್ಲಿ ಕೂಡಿಸಿದ್ರಿ?" ಅಂದೆ.

"ಮೆಟ್ಟಿಲ ಕೆಳಗೇ ಇಟ್ಟಿದೀನಲ್ಲಮ್ಮ. ಪುಟ್ಟಿ ಹಿತ್ತಲ ಕಿಟಕಿ ಹತ್ತೋಕೆ ಶುರು ಮಾಡಿದ್ಲು. ಅವಳ ಕೈಗೆ ಸಿಗಬಾರದು ಅಂತ ಅಮಾವಾಸ್ಯೆ ದಿನ ಬೋರಿಕ್ ತಗೊಂಡು ಅಲ್ಲಿಗೇ ಹೋದೆ." ಆಮೇಲೆ, ಅಯ್ಯೋ ಕೋಕಿಲಾ, ಅಕ್ಕರೆಯಿಂದ ಅಂದರು: "ಅತ್ತೆಗೆ ತೋಳು ನೋವು, ಈ ಸಲ ಬೀಸಿರಲಿಲ್ಲ. ನೀನೇ ಬೀಸಿ, ವಸ್ತ್ರಗಾಳಿತ ಮಾಡಿ, ಡಬ್ಬಿಗೆ ಹಾಕಿ ಇಟ್ಟಿದ್ದೆಯಲ್ಲ. ಹಾಲಿನ ಹಾಗಿತ್ತು. ಸೊಸೆ ಅಂದ್ರೆ ಹಿಂಗಿರಬೇಕು ಅಂದುಕೊಂಡೆ. ಸಮಪಾಲು ಬೆರೆಸಿ ಅಲ್ಲೇ ಇಟ್ಟು ಬಂದೆ."

ಅವರಿಗೆ ನನ್ನ ಡಬ್ಬಿಯ ವಿಷಯ ಗೊತ್ತಿರಲಿಲ್ಲ. ನನಗೆ ಅವರ ಪುಡಿ ಕಿಟಕಿ ಬಿಟ್ಟದ್ದು ಗೊತ್ತಿರಲಿಲ್ಲ. ನಾನು ಹೇಳಿರಲಿಲ್ಲ, ಮೊಟ್ಟೆಯ ಕಾರಣಕ್ಕೆ.

ಎಲ್ಲರೆದುರೇ ಹೇಳಿಬಿಟ್ಟೆ. ಮೊಟ್ಟೆ, ಐಸಿಂಗು, ನೀನು, ಅರುಳ್, ಪುಟ್ಟಿ ಬೆರಳು ನೆಕ್ಕಿದ್ದು. ಅತ್ತೆ ಪುಟ್ಟಿಯನ್ನು ಎತ್ತಿಕೊಂಡು, "ಮೊಟ್ಟೆಗೆ ನಾಳೆ ಬೈತೀನಿ. ಈಗ ಹೋಗಿ ಡಾಕ್ಟರ ಬಾಗಿಲು ಬಡಿ" ಅಂದರು.

ಡಾಕ್ಟರು ಈ ಸಲ ನಗಲಿಲ್ಲ. ಪುಟ್ಟಿಯ ಕೆನ್ನೆ, ಅಂಗೈ, ಬೆನ್ನು ಎಲ್ಲ ದೀಪ ಹಿಡಿದು ನೋಡಿದರು. ಕೆಂಪು ಅಂಗೈಗೂ ಇಳಿದಿದೆ. ನೀರು ಕುಡಿಯುತ್ತಿದ್ದಾಳೆ, ಉಚ್ಚೆ ಹೊಯ್ದಿದ್ದಾಳೆ. ನೆಕ್ಕಿದ್ದು ಒಂದು ಬೆರಳಷ್ಟು, ಅದೂ ವಾಂತಿಯಾಗಿ ಹೋಗಿದೆ, ಬೆಳಗಾಗುತ್ತಲೇ ಆಸ್ಪತ್ರೆಗೆ ತೋರಿಸೋಣ ಅಂದರು. "ಏನು ತಿಂದಿತ್ತು ಅಂತ ನಾನು ಕೇಳಿದ್ದೆನಲ್ಲಮ್ಮ" ಅಂದರು. ಆಮೇಲೆ ಕೇಳಿದರು: "ಅಲ್ಲಿ ಎಷ್ಟು ಮಕ್ಕಳಿದ್ದಾರೆ? ಒಂದೊಂದು ಎಷ್ಟು ತಿನ್ನುತ್ತೆ?"

ಹೊಟ್ಟೆ ತುಂಬ, ಅಂದೆ. ಅವತ್ತು ಯಾರೂ ಬೇಡ ಅನ್ನುವುದಿಲ್ಲ, ಅಂದೆ.

ಗುರುಬಸಪ್ಪನವರ ಮನೆಗೆ ಫೋನ್ ಮಾಡುತ್ತಲೇ ಇದ್ದೇವೆ. ಗಂಟೆ ಬಾರಿಸುತ್ತದೆ, ಯಾರೂ ಎತ್ತುವುದಿಲ್ಲ. ನಿಮ್ಮ ಬೀದಿಗೆಲ್ಲ ಕೇಳುತ್ತಿರಬೇಕು. ಓಡಿಬಂದು ಎತ್ತುವ ನೀವೆಲ್ಲ ಗುಡಿಯಲ್ಲಿದ್ದೀರಿ. ಮನೆಯಲ್ಲಿ ಗೋದಲಿಯ ಪಕ್ಕ ಡಬ್ಬಿಯೊಂದೇ ಇದೆ. ಎಲ್ಲಕ್ಕಿಂತ ಮೇಲೆ ಅರುಳನ ಹೆಸರಿನದು.

ಡಾಕ್ಟರೂ ಮಾವನವರೂ ಹೊರಡುತ್ತಿದ್ದಾರೆ. ಮನೆಗೆ ಬೀಗವಿದ್ದರೆ ಈ ಕಾಗದವನ್ನು ಬಾಗಿಲ ಸಂದಿಯಿಂದ ಒಳಗೆ ತಳ್ಳಿ, ಗುಡಿಯನ್ನು ಹುಡುಕಿಕೊಂಡು ಹೋಗುತ್ತಾರೆ. ಜಾತ್ರೆಯಂಥ ಜನದಲ್ಲಿ ನಿನ್ನನ್ನು ಎಂದೂ ಕಂಡಿರದವರು ಹೇಗೆ ಹುಡುಕುತ್ತಾರೋ. ಅವರು ಒಂದು ದಾರಿಯಲ್ಲಿ ಹೋಗಿ ನೀವು ಇನ್ನೊಂದರಲ್ಲಿ ಬಂದರೆ ಈ ಕಾಗದವಾದರೂ ನಿನ್ನ ಕಾಲಿಗೆ ಸಿಗಲಿ. "ಈ ಚಳಿಯಲ್ಲಿ ನೀವು ಬೇಡ" ಎಂದರೂ ಮಾವನವರು ಕೇಳುತ್ತಿಲ್ಲ, ಮಫ್ಲರ್ ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ. "ಕೂಡಿಸಿದ್ದು ನನ್ನ ಕೈ" ಅನ್ನುತ್ತಾರೆ. ನನ್ನ ಪಕ್ಕ ತೆರೆದಿಟ್ಟಿರುವ ಲಕೋಟೆ ನೋಡಿ, "ಅಂಟಿಸಿ ಕೊಡಮ್ಮ, ನಾನು ಓದಲ್ಲ" ಅಂದರು.

ಸ್ಕೂಟರ್ ಶುರುವಾಯಿತು. ಇಷ್ಟು ಮಾಡು. ಡಬ್ಬಿಯ ಮುಚ್ಚಳ ತೆಗೆದು ಎಣಿಸು. ಇಪ್ಪತ್ತಮೂರು ಇರಬೇಕು. ಒಂದು ಕಡಿಮೆ ಇದ್ದರೂ, ಒಂದರ ಅಂಚು ಕಚ್ಚಿದ್ದರೂ, ಮಕ್ಕಳನ್ನು ಎತ್ತಿಕೊಂಡು ಆಗಲೇ ಆಸ್ಪತ್ರೆಗೆ ಓಡು, ಬೋರಿಕ್ ಎಂದು ಹೇಳು, ಡಾಕ್ಟರಿಗೆ ಕಾಯಬೇಡ. ಇಪ್ಪತ್ತಮೂರೂ ಇದ್ದರೆ ಗುರುಬಸಪ್ಪನವರ ಬಾಗಿಲು ಒಡೆದಾದರೂ ಒಳಗೆ ಹೋಗಿ ಫೋನ್ ಮಾಡು. ಡಾಕ್ಟರ ನಂಬರನ್ನು ಲಕೋಟೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದೇನೆ. ಪುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಅವರ ಹಜಾರದಲ್ಲಿ, ಫೋನಿನ ಪಕ್ಕ ಕೂತಿರುತ್ತೇನೆ. ಅತ್ತೆಯೂ ಕೂತಿರುತ್ತಾರೆ.

ಬೈಯಬೇಕೆಂದಿದ್ದರೆ ಆಮೇಲೆ ಬೈ. ಸಾಕ್ಷಿಗೆ ಬಾರದವಳು ಡಬ್ಬಿ ಕಳಿಸಿದಳು ಎಂದು ಜೀವನಪೂರ್ತಿ ಬೈ. ಈಗ ಇಪ್ಪತ್ತಮೂರು ಅಂತ ಒಂದು ಮಾತು ಹೇಳಿ ಇಟ್ಟುಬಿಡು. ಬೆಳಕು ಹರಿಯುವ ಮೊದಲು, ಮಕ್ಕಳು ಏಳುವ ಮೊದಲು, ಫೋನ್ ಮಾಡು ಕೋಕಿಲಾ, ನಿನ್ನ ಕಾಲಿಗೆ ಬೀಳುತ್ತೇನೆ, ಫೋನ್ ಮಾಡು.

ಪ್ರಭಾ